ಅನಿವಾಸಿ ಮಂಗಗಳು

ಅಮೆರಿಕದಿಂದ ಬರುವ ಎಚ್‌ಐವಿ ಸಂಶೋಧನೆಯ ಪ್ರಬಂಧಗಳಲ್ಲಿ ಒಂದು ಸಾಲು ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ. ಯಾವ ಔಷಧಿ, ಎಷ್ಟು ಡೋಸ್, ಎಷ್ಟು ದಿನ ಎಂಬ ವಿವರಗಳ ನಡುವೆ ಎಲ್ಲೋ ಒಂದು ಕಡೆ, ಪ್ರಯೋಗಕ್ಕೆ ಬಳಸಿದ್ದು ‘ಭಾರತೀಯ ಮೂಲದ ರೀಸಸ್ ಮಂಗಗಳನ್ನು’ ಎಂದು ಬರೆದಿರುತ್ತದೆ. ಮೊದಲ ಸಲ ಓದಿದಾಗ, ಉತ್ತರ ಪ್ರದೇಶದ ಯಾವುದೋ ದೇವಸ್ಥಾನದ ಗೋಡೆಯ ಮೇಲಿಂದ ಹಿಡಿದು ವಿಮಾನ ಹತ್ತಿಸಿದ ಮಂಗಗಳಿರಬೇಕು ಎಂದುಕೊಂಡಿದ್ದೆ. ಹಾಗಲ್ಲ. ಭಾರತ ಮಂಗಗಳ ರಫ್ತು ನಿಲ್ಲಿಸಿದ್ದು 1978ರಲ್ಲಿ. ಈಗ ಅಲ್ಲಿನ ಪ್ರಯೋಗಾಲಯಗಳಲ್ಲಿರುವ ‘ಭಾರತೀಯ’ ಮಂಗಗಳು ಭಾರತವನ್ನು ಕಂಡಿಲ್ಲ, ಅವುಗಳ ತಾಯಂದಿರೂ ಕಂಡಿಲ್ಲ. ಹುಟ್ಟಿದ್ದು ಟೆಕ್ಸಸ್‌ನಲ್ಲಿ, ಕ್ಯಾಲಿಫೋರ್ನಿಯಾದಲ್ಲಿ, ಒರೆಗಾನ್‌ನಲ್ಲಿ, ಇಲ್ಲವೇ ದಕ್ಷಿಣ ಕೆರೊಲೈನಾದ ಕರಾವಳಿಯ ದ್ವೀಪವೊಂದರಲ್ಲಿ. ಅಮೆರಿಕದಲ್ಲಿ ಹುಟ್ಟಿದ ಮೊಮ್ಮಕ್ಕಳಿಗೆ ಫೋನಿನಲ್ಲೇ ಗೋತ್ರ ಪ್ರವರ ಕಲಿಸುವ ಅಜ್ಜಂದಿರು ನಮ್ಮ ಕಡೆ ಇದ್ದಾರೆ. ಈ ಮಂಗಗಳ ಗೋತ್ರವನ್ನು ಅಲ್ಲಿನ ಕಂಪ್ಯೂಟರುಗಳು ನೆನಪಿಟ್ಟುಕೊಂಡಿವೆ.

ಮಂಗಗಳನ್ನು ಸಾಕಿ ಮರಿ ಮಾಡಿಸುವ ಈ ಕಸುಬು ಹೊರಗಿನವರ ಕಣ್ಣಿಗೆ ಬೀಳುವುದು ಎಡವಟ್ಟಾದಾಗ ಮಾತ್ರ. 2024ರ ನವೆಂಬರ್ 6ರಂದು ದಕ್ಷಿಣ ಕೆರೊಲೈನಾದ ಯೆಮಸೀ ಎಂಬ ಪುಟ್ಟ ಊರಿನಲ್ಲಿ ಹಾಗಾಯಿತು. ಅಲ್ಲಿರುವ ಆಲ್ಫಾ ಜೆನೆಸಿಸ್ ಕಂಪನಿಯ ಕೆಲಸವೇ ಮಂಗಗಳನ್ನು ಬೆಳೆಸಿ ಸಂಶೋಧನೆಗೆ ಒದಗಿಸುವುದು. ನೋಡಿಕೊಳ್ಳುವವರೊಬ್ಬರು ಬಾಗಿಲು ಭದ್ರಮಾಡಲು ಮರೆತರು. 43 ರೀಸಸ್ ಮಂಗಗಳು ಹೊರಬಿದ್ದವು. ಎಲ್ಲವೂ ಎಳೆಯ ಹೆಣ್ಣುಗಳು, ಒಂದೊಂದೂ ಮೂರು ಕಿಲೊ ಆಸುಪಾಸಿನವು. ಕಿಟಕಿ ಬಾಗಿಲು ಹಾಕಿಕೊಳ್ಳಿ ಎಂದು ಪೊಲೀಸರು ಊರಿಗೆ ಹೇಳಿದರು. ಟಿವಿಯವರು ಓಡಿಬಂದರು. ಮಂಗಗಳು ಮಾತ್ರ ಎಲ್ಲಿಗೂ ಓಡಲಿಲ್ಲ. ಬೇಲಿಯ ಪಕ್ಕದ ಮರಗಳಲ್ಲೇ ಕೂತು, ಒಳಗೆ ಉಳಿದವುಗಳ ಜೊತೆ ಕೂಗಿ ಮಾತಾಡಿಕೊಳ್ಳುತ್ತಿದ್ದವು. ದಿನಕ್ಕಿಷ್ಟು ಎಂದು ಬೋನಿಗೆ ಬಂದವು. ಕೊನೆಯ ನಾಲ್ಕು ಸಿಕ್ಕಿದ್ದು 2025ರ ಜನವರಿಯಲ್ಲಿ, ಆ ಸೀಮೆಗೆ ಅಪರೂಪವಾದ ಹಿಮವನ್ನೂ ತಾಳಿಕೊಂಡ ಮೇಲೆ. ಶೇಂಗಾ ಬೆಣ್ಣೆ, ಜಾಮ್ ಸವರಿದ ಬ್ರೆಡ್ಡಿನ ಆಸೆ ತೋರಿಸಿ ಅವುಗಳನ್ನು ಹಿಡಿದರು.

ಕಾಡಿನ ಪಕ್ಕದಲ್ಲೇ ಇದ್ದೂ ಬೇಲಿ ಬಿಟ್ಟು ಹೋಗದ ಈ ಮಂಗಗಳನ್ನು ಏನೆಂದು ಕರೆಯುವುದು? ಕಾಡುಪ್ರಾಣಿ ಎನ್ನಲಾಗದು. ದನ, ಕುರಿ, ನಾಯಿಗಳಂತೆ ಸಾವಿರಾರು ವರ್ಷ ಮನುಷ್ಯನ ಜೊತೆ ಬದುಕಿ ಸ್ವಭಾವ ಬದಲಾಯಿಸಿಕೊಂಡ ಸಾಕುಪ್ರಾಣಿಯೂ ಅಲ್ಲ. ಮೈಯೊಳಗೆ ಪೂರ್ತಿ ಕಾಡುಮಂಗವೇ. ಬದುಕು ಮಾತ್ರ ಕೋಳಿ ಫಾರ್ಮಿನದು. ಈ ಕಸುಬಿನ ಕಷ್ಟಗಳೆಲ್ಲ ಹುಟ್ಟುವುದು ಇಲ್ಲಿಂದ ಎಂದು ನನಗನ್ನಿಸುತ್ತದೆ.

ಮಲೆನಾಡಿನವನಾದ ನನಗೆ ಮಂಗ ಎಂದರೆ ಮೊದಲು ನೆನಪಾಗುವುದು ವಿಜ್ಞಾನವಲ್ಲ, ಅರ್ಧ ಕಚ್ಚಿ ಎಸೆದ ಬಾಳೆಕಾಯಿ. ನಮ್ಮದು ಬಾನೆಟ್ ಮಕಾಕ್. ನೆತ್ತಿಯ ಕೂದಲು ನಡುವೆ ಬೈತಲೆ ತೆಗೆದು ಟೋಪಿ ಇಟ್ಟಂತೆ ಕಾಣುತ್ತದೆ, ಬಾಲ ಉದ್ದ. ರೀಸಸ್ ಹೆಚ್ಚುಕಡಿಮೆ ಗೋದಾವರಿಯಿಂದಾಚೆಗಿನ ಮಂಗ. ಬಾಲ ಗಿಡ್ಡ, ಸೊಂಟದಿಂದ ಕೆಳಗೆ ಕೆಂಚು ಬಣ್ಣ. ತೋಟಕ್ಕೆ ನುಗ್ಗುವ ವಿಷಯದಲ್ಲಿ ಎರಡಕ್ಕೂ ಭೇದವಿಲ್ಲ. ಪಕ್ಕದ ತೋಟದ ಹಿರಿಯರೊಬ್ಬರು ಪಟಾಕಿ ಹೊಡೆದು ಹೊಡೆದು ಸಾಕಾಗಿ ಒಮ್ಮೆ ಅಂದಿದ್ದರು: “ಇವನ್ನೆಲ್ಲ ಹಿಡಿದು ಅಮೆರಿಕಕ್ಕೆ ಕಳಿಸ್ಬೇಕು ಮಾರಾಯ್ರೆ!” ಅವರು ಹೇಳಿದ್ದು ತಮಾಷೆಗೆ. ಸರ್ಕಾರದ ಪರವಾನಗಿ ಪಡೆದು, ದಶಕಗಟ್ಟಲೆ, ಲಕ್ಷದ ಲೆಕ್ಕದಲ್ಲಿ ಭಾರತ ಅದನ್ನೇ ಮಾಡಿತ್ತು ಎಂಬುದು ಅವರಿಗೆ ಗೊತ್ತಿರಲಿಲ್ಲ. ಆಗ ನನಗೂ ಗೊತ್ತಿರಲಿಲ್ಲ.

ರೀಸಸ್‌ಗೆ ಅಷ್ಟು ಬೇಡಿಕೆ ಬರಲು ಕಾರಣ ಅದು ಸುಲಭವಾಗಿ ಸಿಗುತ್ತಿತ್ತು, ಏನು ಹಾಕಿದರೂ ತಿಂದು ಬದುಕುತ್ತಿತ್ತು, ಮತ್ತು ಮನುಷ್ಯನಿಗೆ ತಗಲುವ ಬಹಳಷ್ಟು ರೋಗ ಅದಕ್ಕೂ ತಗಲುತ್ತಿತ್ತು. ನಿಮ್ಮ ರಕ್ತದ ಗುಂಪಿನ ಮುಂದಿರುವ ‘ಪಾಸಿಟಿವ್’, ‘ನೆಗೆಟಿವ್’ ಎಂಬ ಬಾಲಂಗೋಚಿಯೂ ಅದರದೇ ಕೊಡುಗೆ. 1940ರಲ್ಲಿ ಲ್ಯಾಂಡ್‌ಸ್ಟೈನರ್ ಮತ್ತು ವೀನರ್ ಎಂಬ ವಿಜ್ಞಾನಿಗಳು ಈ ಮಂಗದ ರಕ್ತ ಬಳಸಿ ಕಂಡುಕೊಂಡ ಅಂಶಕ್ಕೆ ಅದರ ಹೆಸರನ್ನೇ ಇಟ್ಟರು. ಆರ್‌ಎಚ್ ಎಂದರೆ ರೀಸಸ್. ಆಮೇಲೆ ಬಂತು ಪೋಲಿಯೊ. ಜೋನಾಸ್ ಸಾಕ್ ಲಸಿಕೆಗೆ ಬೇಕಾದ ವೈರಸ್ಸನ್ನು ಬೆಳೆಸುತ್ತಿದ್ದುದು ಮಂಗದ ಮೂತ್ರಪಿಂಡದ ಜೀವಕೋಶಗಳಲ್ಲಿ. ಮೂತ್ರಪಿಂಡ ತೆಗೆದ ಮೇಲೆ ಮಂಗ ಉಳಿಯುವುದಿಲ್ಲ. ಅಮೆರಿಕದ ಮಕ್ಕಳಿಗೆಲ್ಲ ಲಸಿಕೆ ಎಂದು ತೀರ್ಮಾನವಾದಾಗ ಉತ್ತರ ಭಾರತದ ಹಳ್ಳಿಗಳಲ್ಲಿ, ರಸ್ತೆ ಬದಿಯ ಸಾಲುಮರಗಳಲ್ಲಿ, ರೈಲು ನಿಲ್ದಾಣಗಳಲ್ಲಿ ಬಲೆ ಬಿತ್ತು. 1950ರ ದಶಕದ ಬಿರುಸಿನ ವರ್ಷಗಳಲ್ಲಿ ವರ್ಷಕ್ಕೆ ಲಕ್ಷಕ್ಕೂ ಹೆಚ್ಚು ಮಂಗಗಳು ದೇಶ ಬಿಟ್ಟವು.

ಸಾಗಣೆ ಹೇಗಿತ್ತು ಎನ್ನಲು ಒಂದೇ ಘಟನೆ ಸಾಕು. 1955ರ ಜನವರಿಯಲ್ಲಿ, ದೆಹಲಿಯಿಂದ ನ್ಯೂಯಾರ್ಕ್‌ಗೆ ಹೊರಟಿದ್ದ ಸುಮಾರು 400 ಮಂಗಗಳು ಲಂಡನ್ ವಿಮಾನ ನಿಲ್ದಾಣದಲ್ಲಿ ವ್ಯಾನಿನೊಳಗೆ ಉಸಿರುಕಟ್ಟಿ ಸತ್ತವು. ಭಾರತದಲ್ಲಿ ಗದ್ದಲವೆದ್ದಿತು, ಸರ್ಕಾರ ರಫ್ತು ನಿಲ್ಲಿಸಿತು. ಲಸಿಕೆಯ ಕೆಲಸ ನಿಂತುಹೋಗುತ್ತದೆ ಎಂದು ಅಮೆರಿಕ ಕೇಳಿಕೊಂಡ ಮೇಲೆ ಷರತ್ತು ಹಾಕಿ ಮತ್ತೆ ಬಿಟ್ಟಿತು: ಈ ಮಂಗಗಳು ವೈದ್ಯಕೀಯಕ್ಕೆ ಮಾತ್ರ, ಅಣುಬಾಂಬಿನ ಪರೀಕ್ಷೆಗಲ್ಲ.

ಹೋದವುಗಳ ಲೆಕ್ಕ ಬಂದರುಗಳಲ್ಲಿ, ವಿಮಾನ ನಿಲ್ದಾಣಗಳಲ್ಲಿ ಇತ್ತು. ಉಳಿದವುಗಳ ಲೆಕ್ಕ ಯಾರ ಬಳಿಯೂ ಇರಲಿಲ್ಲ. 1959-60ರಲ್ಲಿ ಚಾರ್ಲ್ಸ್ ಸೌತ್‌ವಿಕ್ ಎಂಬ ಅಮೆರಿಕನ್ ಪರಿಸರ ವಿಜ್ಞಾನಿ ಅಲಿಗಢದ ಜೊತೆಗಾರರೊಡನೆ ಉತ್ತರ ಪ್ರದೇಶದ ಊರೂರು ಸುತ್ತಿ ಮಂಗಗಳನ್ನು ಎಣಿಸಿದರು. ಹಿಂಡುಗಳಲ್ಲಿ ದೊಡ್ಡವು ಇದ್ದವು, ತಾಯಿಯ ಹೊಟ್ಟೆಗೆ ಜೋತುಬಿದ್ದ ಮರಿಗಳೂ ಇದ್ದವು. ನಡುವಿನ ಪ್ರಾಯದವು ಮಾತ್ರ ಬೆರಳೆಣಿಕೆಯಷ್ಟು. ವ್ಯಾಪಾರಿಗೆ ಬೇಕಾದ ಅಳತೆ ಅದೇ ತಾನೆ: ಪಂಜರದಲ್ಲಿ ಹಿಡಿಸುವ, ವಿಮಾನದಲ್ಲಿ ಹಗುರವಾಗುವ, ಬಾಳಿಕೆ ಬರುವ ಎಳೆಯವು.

ಇಷ್ಟೆಲ್ಲ ಆಗುವ ಮೊದಲೇ, ಮಂಗಗಳನ್ನು ಅಮೆರಿಕದಲ್ಲೇ ಬೆಳೆಸಿದರೆ ಹೇಗೆ ಎಂದು ಯೋಚಿಸಿದವರಿದ್ದರು. ಅಮೆರಿಕದ ವಾನರ ವಿಜ್ಞಾನಿ ಕ್ಲಾರೆನ್ಸ್ ರೇ ಕಾರ್ಪೆಂಟರ್ 1938ರಲ್ಲಿ ಭಾರತಕ್ಕೆ ಬಂದು ನೂರಾರು ರೀಸಸ್‌ಗಳನ್ನು ಕೂಡಿಹಾಕಿಕೊಂಡು ಕಲ್ಕತ್ತದಿಂದ ಹಡಗು ಹತ್ತಿದರು. ತಿಂಗಳಿಗೂ ಮೀರಿದ ಪ್ರಯಾಣದ ನಂತರ 409 ಮಂಗಗಳನ್ನು ಪೋರ್ಟೊರಿಕೊದ ಪೂರ್ವ ತೀರದಾಚೆಯ ಕಾಯೊ ಸಾಂಟಿಯಾಗೊ ಎಂಬ ದ್ವೀಪದಲ್ಲಿ ಬಿಟ್ಟರು. ದ್ವೀಪ ಎಂದರೆ ಭಾರೀ ಏನಲ್ಲ, ಸುಮಾರು 38 ಎಕರೆ. ನಮ್ಮಲ್ಲಿ ದೊಡ್ಡ ಹಿಡುವಳಿದಾರರೊಬ್ಬರ ಕಾಫಿ ತೋಟದಷ್ಟು. ಯುದ್ಧ ಬಂದು ಹಡಗು ನಿಂತರೂ ಮಂಗ ಸಿಗಬೇಕು, ಕ್ಷಯ ಹಿಡಿದು ಬರುವ ಮಂಗಗಳ ಬದಲು ಆರೋಗ್ಯವಂತ ಮಂಗಗಳು ಬೇಕು ಎಂಬುದು ಲೆಕ್ಕಾಚಾರ.

ಆ ದ್ವೀಪಕ್ಕೆ ಆಮೇಲೆ ಹೊರಗಿನಿಂದ ಒಂದು ಮಂಗವನ್ನೂ ತಂದಿಲ್ಲ. ಇಂದು ಅಲ್ಲಿ ಸಾವಿರಕ್ಕೂ ಹೆಚ್ಚು ಮಂಗಗಳಿವೆ, ಎಲ್ಲವೂ ಆ 409ರ ಸಂತಾನ. ಕಾರ್ಖಾನೆಯಲ್ಲಿ ಮಾಡಿದ ಉಂಡೆ ತಿನ್ನುತ್ತವೆ, ಸಂಗ್ರಹಿಸಿಟ್ಟ ಮಳೆನೀರು ಕುಡಿಯುತ್ತವೆ. ವರ್ಷಕ್ಕೊಮ್ಮೆ ಮರಿಗಳನ್ನು ಹಿಡಿದು ಎದೆಗೆ, ತೊಡೆಗೆ ಅಂಕಿ ಅಕ್ಷರದ ಹಚ್ಚೆ ಹಾಕುತ್ತಾರೆ. 1956ರಿಂದ ಇಂಥ ದಾಖಲೆ ನಡೆದುಬಂದಿದೆ, ಹಾಗಾಗಿ ಯಾವ ಮಂಗದ ಅಜ್ಜಿಯ ಅಜ್ಜಿ ಯಾರು ಎಂದು ಹೇಳಬಲ್ಲರು. ನಮ್ಮಲ್ಲಿ ಎಷ್ಟು ಮನೆಗಳಲ್ಲಿ ಮುತ್ತಜ್ಜಿಯ ಹೆಸರು ಗೊತ್ತಿದೆ? 2017ರ ಸೆಪ್ಟೆಂಬರಿನಲ್ಲಿ ಮಾರಿಯಾ ಚಂಡಮಾರುತ ದ್ವೀಪದ ಬಹುಪಾಲು ಮರಗಳನ್ನು ನೆಲಸಮ ಮಾಡಿತು. ಕಚ್ಚಾಡುವುದಕ್ಕೆ ಹೆಸರಾದ ರೀಸಸ್‌ಗಳು ಆಮೇಲೆ ಇದ್ದ ತುಸು ನೆರಳಿನಲ್ಲಿ ಒತ್ತೊತ್ತಾಗಿ ಕೂರಲು ಕಲಿತವು. ಹಾಗೆ ಹೊಂದಿಕೊಂಡವು ಹೆಚ್ಚು ಬದುಕಿದವು ಎಂದು ಸಂಶೋಧಕರು ಬರೆದಿದ್ದಾರೆ.

ಆದರೆ ಒಂದು ದ್ವೀಪ ಒಂದು ದೇಶದ ಪ್ರಯೋಗಾಲಯಗಳಿಗೆ ಸಾಲುವುದಿಲ್ಲ. ಕಾಡಿನ ಮಂಗ ಅಗ್ಗಕ್ಕೆ ಸಿಗುವಾಗ ಬೆಳೆಸುವ ತಲೆನೋವು ಯಾರಿಗೆ ಬೇಕು? ಹಾಗಾಗಿ 1960ರ ದಶಕದಲ್ಲಿ ಅಮೆರಿಕ ಸರ್ಕಾರ ಏಳು ವಾನರ ಸಂಶೋಧನಾ ಕೇಂದ್ರಗಳನ್ನು ಕಟ್ಟಿದ ಮೇಲೂ ಭಾರತದಿಂದ ಮಂಗಗಳು ಹೋಗುತ್ತಲೇ ಇದ್ದವು. ಕೊನೆಗೆ ಅದನ್ನು ನಿಲ್ಲಿಸಿದ್ದು ಷರತ್ತು ಮುರಿದ ಸಂಗತಿ. ಅಮೆರಿಕದ ಸೇನೆಯ ಪ್ರಯೋಗಾಲಯವೊಂದು ನ್ಯೂಟ್ರಾನ್ ಬಾಂಬಿನ ವಿಕಿರಣದ ಪರಿಣಾಮ ತಿಳಿಯಲು ರೀಸಸ್‌ಗಳಿಗೆ ವಿಕಿರಣ ಹಾಯಿಸಿ, ಅವು ಚಕ್ರದ ಮೇಲೆ ಎಷ್ಟು ಹೊತ್ತು ಓಡಬಲ್ಲವು ಎಂದು ಅಳೆಯುತ್ತಿದೆ ಎಂಬುದನ್ನು ಪ್ರಾಣಿದಯಾ ಕಾರ್ಯಕರ್ತರು ಬಯಲಿಗೆಳೆದರು. ಮೊರಾರ್ಜಿ ದೇಸಾಯಿ ಆಗ ಪ್ರಧಾನಿ. 1978ರ ಏಪ್ರಿಲ್ 1ರಿಂದ ರಫ್ತು ಪೂರ್ತಿ ಬಂದ್. ಸೌತ್‌ವಿಕ್ ಎಣಿಕೆಯಲ್ಲಿ ಸೊರಗಿದ್ದ ಹಿಂಡುಗಳು ಆಮೇಲೆ ಚೇತರಿಸಿಕೊಂಡವು; ದೆಹಲಿಯ ಸರ್ಕಾರಿ ಕಚೇರಿಗಳಲ್ಲಿ ಮಂಗಗಳು ಹರಿದುಹಾಕಿದ ಫೈಲುಗಳನ್ನು ಕೇಳಿ ನೋಡಿ.

ಅಲ್ಲಿಗೆ ‘ಹಿಡಿದು ತರುವ’ ಕಾಲ ಹೋಗಿ ‘ಬೆಳೆಸುವ’ ಕಾಲ ಬಂತು. 1979ರಲ್ಲಿ ಪೋರ್ಟೊರಿಕೊದ ಇನ್ನೊಂದು ಮಂಗಗಳ ಕೇಂದ್ರದಿಂದ ಸುಮಾರು 1,400 ಮಂಗಗಳನ್ನು ದಕ್ಷಿಣ ಕೆರೊಲೈನಾದ ಮೋರ್ಗನ್ ದ್ವೀಪಕ್ಕೆ ಸಾಗಿಸಿದರು. ಈಗ ಅಲ್ಲಿ ಮೂರು ಸಾವಿರಕ್ಕೂ ಹೆಚ್ಚಿವೆ. ಆ ಕಡೆಯವರು ಅದನ್ನು ಮಂಗಗಳ ದ್ವೀಪ ಎಂದೇ ಕರೆಯುತ್ತಾರೆ. ದೋಣಿಯಲ್ಲಿ ಕೂತು ನೋಡಬಹುದು, ಇಳಿಯುವ ಹಾಗಿಲ್ಲ.

ಮಂಗ ಬೆಳೆಸುವುದು ಕೋಳಿ ಸಾಕಿದಂತಲ್ಲ. ರೀಸಸ್ ಹೆಣ್ಣು ಮರಿ ಹಾಕುವ ವಯಸ್ಸಿಗೆ ಬರಲು ಮೂರ್ನಾಲ್ಕು ವರ್ಷ ಬೇಕು. ಬಸಿರು ಐದೂವರೆ ತಿಂಗಳು, ಹೆರಿಗೆಗೆ ಒಂದೇ ಮರಿ, ವರ್ಷಕ್ಕೆ ಒಂದೇ ಹೆರಿಗೆ, ಅದೂ ಋತುಮಾನ ನೋಡಿಕೊಂಡು. ಇಂದು ಬೇಡಿಕೆ ಬಂದರೆ ಪೂರೈಸುವುದು ನಾಲ್ಕು ವರ್ಷದ ನಂತರ. ಅಡಿಕೆ ಸಸಿ ನೆಟ್ಟವನಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಿಲ್ಲ. ಆದರೆ ಅಡಿಕೆ ಮರಕ್ಕೆ ಅಮ್ಮ ಬೇಕಿಲ್ಲ.

ವಿಸ್ಕಾನ್ಸಿನ್‌ನ ಮ್ಯಾಡಿಸನ್‌ನಲ್ಲಿದ್ದ ಹ್ಯಾರಿ ಹಾರ್ಲೊ ಎಂಬ ಮನಃಶಾಸ್ತ್ರಜ್ಞನಿಗೆ ಇದು ಗೊತ್ತಾಗಿದ್ದು ಆಕಸ್ಮಿಕವಾಗಿ. ಭಾರತದಿಂದ ಬರುವ ಮಂಗಗಳು ರೋಗ ಹೊತ್ತು ಬರುತ್ತವೆ ಎಂದು ಆತ 1950ರ ದಶಕದಲ್ಲಿ ಸ್ವಂತ ಸಾಕಣೆ ಶುರುಮಾಡಿದ. ಮರಿಗೆ ಸೋಂಕು ತಗಲಬಾರದು ಎಂದು ಹುಟ್ಟಿದ ಕೆಲವೇ ಗಂಟೆಗಳಲ್ಲಿ ತಾಯಿಯಿಂದ ಬೇರೆ ಮಾಡಿ, ಬೇರೆ ಬೇರೆ ಗೂಡಿನಲ್ಲಿಟ್ಟು, ಬಾಟಲಿ ಹಾಲು ಕುಡಿಸಿದರು. ಮರಿಗಳು ತೂಕದಲ್ಲಿ, ಆರೋಗ್ಯದಲ್ಲಿ ಮುಂದೆ. ಸಾಕಣೆ ಗೆದ್ದಿತು ಎನ್ನುವಾಗ ಒಂದು ವಿಚಿತ್ರ ಕಣ್ಣಿಗೆ ಬಿತ್ತು. ಗೂಡಿನ ತಳಕ್ಕೆ ಹಾಸಿದ ಬಟ್ಟೆಯ ತುಂಡನ್ನು ಮರಿಗಳು ಅವುಚಿ ಹಿಡಿದುಕೊಂಡಿರುತ್ತಿದ್ದವು. ಒಗೆಯಲು ಬಟ್ಟೆ ತೆಗೆದರೆ ಚೀರಿ ರಂಪ ಮಾಡುತ್ತಿದ್ದವು. ತಂತಿಯ ಅಮ್ಮ, ಬಟ್ಟೆಯ ಅಮ್ಮ ಎಂಬ ಹಾರ್ಲೊನ ಪ್ರಸಿದ್ಧ ಪ್ರಯೋಗ ಹುಟ್ಟಿದ್ದು ಈ ಬಟ್ಟೆ ತುಂಡಿನಿಂದ. ಹಾಲು ಕೊಡುವ ತಂತಿಯ ಬೊಂಬೆಗಿಂತ ಹಾಲಿಲ್ಲದ ಮೆತ್ತನೆಯ ಬೊಂಬೆಯನ್ನೇ ಮರಿಗಳು ತಬ್ಬಿಕೊಂಡವು ಎಂಬುದನ್ನು ಆತ 1958ರಲ್ಲಿ ಜಗತ್ತಿಗೆ ಹೇಳಿದ. ಮಕ್ಕಳನ್ನು ಎತ್ತಿ ಮುದ್ದಾಡಬೇಡಿ, ಕೆಡುತ್ತವೆ ಎನ್ನುತ್ತಿದ್ದ ಆ ಕಾಲದ ಪಂಡಿತರ ಬಾಯಿ ಮುಚ್ಚಿಸಿದ ಪ್ರಯೋಗ ಅದು. ಬಾಣಂತಿ ಕೋಣೆಯ ಯಾವ ಅಜ್ಜಿಯನ್ನು ಕೇಳಿದ್ದರೂ ಹೇಳುತ್ತಿದ್ದಳು ಎಂಬುದು ಬೇರೆ ಮಾತು. ಸಾಕಣೆಗಾರರಿಗೆ ಅದು ಕಲಿಸಿದ ಪಾಠ ಇನ್ನೂ ಕಹಿ. ಹೀಗೆ ಒಂಟಿಯಾಗಿ ಬೆಳೆದ ಹೆಣ್ಣುಗಳು ಕೂಡುವುದನ್ನೇ ಅರಿಯವು. ಹೇಗೋ ಬಸಿರಾದರೆ ತಮ್ಮ ಮರಿಯನ್ನು ಹತ್ತಿರ ಸೇರಿಸಲಿಲ್ಲ. ಕೆಲವು ಕಚ್ಚಿ ಗಾಯ ಮಾಡಿದವು. ರೋಗವಿಲ್ಲದ ಮಂಗ ಸಿಕ್ಕಿತು. ಅದು ಇನ್ನೊಂದು ಮಂಗವನ್ನು ಬೆಳೆಸಲಾರದೆ ಹೋಯಿತು.

ಇನ್ನೊಂದು ಭಯ ಮನುಷ್ಯರ ಕಡೆಯದು. 1932ರಲ್ಲಿ ನ್ಯೂಯಾರ್ಕಿನಲ್ಲಿ ಪೋಲಿಯೊ ಸಂಶೋಧನೆಯಲ್ಲಿದ್ದ ವಿಲಿಯಂ ಬ್ರೆಬ್ನರ್ ಎಂಬ ಯುವ ವೈದ್ಯ ರೀಸಸ್ ಕಚ್ಚಿ ಕೆಲವೇ ದಿನಗಳಲ್ಲಿ ತೀರಿಕೊಂಡ. ಅವನ ಅಡ್ಡಹೆಸರಿನ ಮೊದಲಕ್ಷರವೇ ಇಂದಿಗೂ ಆ ವೈರಸ್ಸಿನ ಹೆಸರು: ಬಿ ವೈರಸ್. ಮಂಗಗಳಿಗೆ ಅದು ಬಾಯಿಹುಣ್ಣಿನಂಥ ಸಣ್ಣ ಕಾಯಿಲೆ. ಮನುಷ್ಯನಿಗೆ ತಗಲುವುದು ಅಪರೂಪ, ತಗಲಿದರೆ ಮಿದುಳಿಗೇ ಹೋಗುತ್ತದೆ. 1997ರಲ್ಲಿ ಅಟ್ಲಾಂಟಾದ ಕೇಂದ್ರವೊಂದರಲ್ಲಿ ಮಂಗದ ಮೈಯಿಂದ ಏನೋ ಕಣ್ಣಿಗೆ ಸಿಡಿದು 22 ವರ್ಷದ ಯುವತಿಯೊಬ್ಬಳು ಸತ್ತಳು. ಈ ಭಯದಿಂದಲೇ, ಆ ಸಾವಿಗೂ ಮುಂಚೆ 1980ರ ದಶಕದ ಕೊನೆಯಿಂದಲೇ, ಮತ್ತೆ ಮತ್ತೆ ರಕ್ತ ಪರೀಕ್ಷಿಸಿ, ಇಂಥ ವೈರಸ್ಸುಗಳಿಲ್ಲದ ಹಿಂಡುಗಳನ್ನು ಬೇರೆಯಾಗಿ ಕಟ್ಟುವ ಕೆಲಸ ನಡೆದಿದೆ.

ಹಿಂಡು ಕಟ್ಟುವುದು ಎಂದೆನಲ್ಲ, ನಿಜವಾದ ಕುಶಲತೆ ಇರುವುದು ಅಲ್ಲಿ. ರೀಸಸ್ ಸಮಾಜ ನಡೆಯುವುದು ಹೆಣ್ಣಿನ ಕಡೆಯಿಂದ. ಹೆಣ್ಣುಮಕ್ಕಳು ಹುಟ್ಟಿದ ಹಿಂಡಿನಲ್ಲೇ ಉಳಿಯುತ್ತವೆ, ಗಂಡು ಪ್ರಾಯಕ್ಕೆ ಬಂದು ಬೇರೆ ಹಿಂಡಿಗೆ ಹೋಗುತ್ತದೆ. ಅಂತಸ್ತು ತಾಯಿಯಿಂದ ಬರುತ್ತದೆ. ತುಳುನಾಡಿನ ಅಳಿಯಕಟ್ಟು ಬಲ್ಲವರಿಗೆ ಇದರಲ್ಲಿ ಅರ್ಧ ಅರ್ಥವಾಗುತ್ತದೆ. ಉಳಿದರ್ಧ ಇನ್ನೂ ಸ್ವಾರಸ್ಯ: ಅಕ್ಕತಂಗಿಯರಲ್ಲಿ ಕಿರಿಯವಳೇ ಮೇಲು. ತಾಯಿ ಯಾವಾಗಲೂ ಚಿಕ್ಕವಳ ಪರ ನಿಲ್ಲುವುದರಿಂದ, ದೊಡ್ಡವರೆಲ್ಲ ಒಂದೊಂದು ಮೆಟ್ಟಿಲು ಕೆಳಗಿಳಿಯುತ್ತಾರೆ.

ಕ್ಯಾಲಿಫೋರ್ನಿಯಾದ ಡೇವಿಸ್‌ನಲ್ಲಿ ಅರ್ಧ ಎಕರೆಯ ಬೇಲಿಯಂಗಳಗಳಲ್ಲಿ ಇಂಥ ಹಿಂಡುಗಳನ್ನು ಬೆಳೆಸುತ್ತಾರೆ. ನೂರರ ಆಸುಪಾಸು ಮಂಗಗಳು, ಮೇಲೆ ಬಿಸಿಲು, ಹತ್ತಿ ಕೂರಲು ಕಟ್ಟೆ ಹಲಗೆಗಳು. ವರ್ಷಗಟ್ಟಲೆ ನೆಮ್ಮದಿಯಾಗಿದ್ದ ಹಿಂಡಿನಲ್ಲಿ ಒಂದು ದಿನ ಇದ್ದಕ್ಕಿದ್ದಂತೆ ಯುದ್ಧ ಶುರುವಾಗುತ್ತದೆ. ಆಳುತ್ತಿದ್ದ ಮನೆತನದ ಮೇಲೆ ಉಳಿದವೆಲ್ಲ ಒಟ್ಟಾಗಿ ಬಿದ್ದು, ಗಂಟೆಗಳಲ್ಲಿ ಹಲವು ಸಾಯುತ್ತವೆ. ಇದೇಕೆ ಎಂದು ಅಲ್ಲಿನ ಸಂಶೋಧಕಿ ಬ್ರೆಂಡಾ ಮೆಕೋವನ್ ಮತ್ತು ಜೊತೆಗಾರರು ವರ್ಷಗಟ್ಟಲೆ ಹಿಂಡುಗಳನ್ನು ನೋಡಿದರು. ಕಂಡ ಕಾರಣಗಳಲ್ಲಿ ಒಂದು, ಮನೆತನಗಳು ಹರಿದುಹೋಗಿರುವುದು. ಸಂಶೋಧನೆಗೋ ಚಿಕಿತ್ಸೆಗೋ ಎಂದು ಅಲ್ಲೊಂದು ಇಲ್ಲೊಂದು ಮಂಗವನ್ನು ತೆಗೆದಾಗ ಅಜ್ಜಿ, ಮಗಳು, ಮೊಮ್ಮಗಳು ಎಂಬ ಕೊಂಡಿಯಲ್ಲಿ ನಡುವಿನದು ಕಳಚಿರುತ್ತದೆ. ಬಂಧು ಎಂದು ತಮ್ಮೊಳಗೆ ಗುರುತಿಲ್ಲದ ಬಂಧುಗಳು ಕಷ್ಟಕಾಲಕ್ಕೆ ಪರಸ್ಪರ ನೆರವಿಗೆ ಬರುವುದಿಲ್ಲ. ಪಂಜರಕ್ಕೆ ಬೇಕಾಗಿರುವುದು ಒಂದೊಂದೇ ಮಂಗ. ಆದರೆ ಮಂಗ ಒಂದೊಂದಾಗಿ ಬೆಳೆಯುವುದಿಲ್ಲ, ಮನೆತನವಾಗಿ ಬೆಳೆಯುತ್ತದೆ. ಮಂಗದ ಸಾಕಣೆಯ ಬಗ್ಗೆ ನಾನು ಓದಿದ್ದರಲ್ಲಿ ಇಷ್ಟು ಕಾಡಿದ್ದು ಇನ್ನೊಂದಿಲ್ಲ.

ಇಷ್ಟು ಕಷ್ಟಪಟ್ಟು ‘ಭಾರತೀಯ ಮೂಲ’ವನ್ನೇ ಏಕೆ ಕಾಪಾಡಿಕೊಂಡು ಬರಬೇಕು? ಚೀನಾದಲ್ಲೂ ರೀಸಸ್‌ಗಳಿವೆಯಲ್ಲ. ಎಚ್‌ಐವಿಯ ದಾಯಾದಿಯಾದ ಎಸ್‌ಐವಿ ವೈರಸ್ ಭಾರತೀಯ ಮೂಲದ ಮಂಗಕ್ಕೆ ತಗಲಿದರೆ ಕಾಯಿಲೆ ವೇಗವಾಗಿ, ಹೆಚ್ಚುಕಡಿಮೆ ಮನುಷ್ಯರಲ್ಲಿ ಆಗುವ ಹಾಗೆಯೇ ಬೆಳೆಯುತ್ತದೆ. ಚೀನೀ ಮೂಲದವುಗಳಲ್ಲಿ ಮಂದಗತಿ. ಮೇಲಾಗಿ 2007ರಲ್ಲಿ ಓದಿ ಮುಗಿಸಿದ ರೀಸಸ್ ಜೀನೋಮ್ ಕೂಡ ಟೆಕ್ಸಸ್‌ನ ಕೇಂದ್ರದಲ್ಲಿದ್ದ ಭಾರತೀಯ ಮೂಲದ ಒಂದು ಹೆಣ್ಣು ಮಂಗದ್ದು. ಹೊಸ ರಕ್ತ ಬರುವ ದಾರಿಯೇ ಇಲ್ಲದ್ದರಿಂದ ಯಾವ ಗಂಡಿಗೆ ಯಾವ ಹೆಣ್ಣು ಎಂಬುದನ್ನು ಡಿಎನ್‌ಎ ನೋಡಿ ತೀರ್ಮಾನಿಸುತ್ತಾರೆ. ಜಾತಕ ಕೂಡಿಸುವುದು ಎಂದರೆ ಇದೇ.

ಔಷಧ ಕಂಪನಿಗಳಿಗೆ ಮಾತ್ರ ಈ ಕುಲೀನ ಮಂಗವೇ ಆಗಬೇಕೆಂದಿಲ್ಲ. ಹೊಸ ಔಷಧಿಯನ್ನು ಮನುಷ್ಯನಿಗೆ ಕೊಡುವ ಮುನ್ನ ವಿಷವೇ ಅಲ್ಲವೇ ಎಂದು ನೋಡಲು ಅವರು ಬಳಸುವುದು ಆಗ್ನೇಯ ಏಷ್ಯಾದ ಉದ್ದಬಾಲದ ಮಕಾಕ್. ಅಮೆರಿಕದಲ್ಲಿ ವರ್ಷಕ್ಕೆ ಸುಮಾರು 70 ಸಾವಿರ ವಾನರಗಳು ಸಂಶೋಧನೆಗೆ ಬಳಕೆಯಾಗುತ್ತಿದ್ದವು. ಹೊರಗಿನಿಂದ ತರಿಸುವವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಚೀನಾದ ಫಾರ್ಮುಗಳಿಂದ ಬರುತ್ತಿದ್ದವು. 2020ರ ಆರಂಭದಲ್ಲಿ ಕೋವಿಡ್ ಬಂದೊಡನೆ ಚೀನಾ ವನ್ಯಪ್ರಾಣಿಗಳ ವ್ಯಾಪಾರಕ್ಕೆ ಬೀಗ ಹಾಕಿತು. ಜಗತ್ತಿಗೆ ಮಂಗಗಳು ಹಿಂದೆಂದಿಗಿಂತ ಹೆಚ್ಚು ಬೇಕಾದ ಹೊತ್ತು ಅದು. ಬೆಲೆ ಹಲವು ಪಟ್ಟು ಏರಿತು. ನಾನೂರು ವರ್ಷದ ಹಿಂದೆ ನಾವಿಕರು ತಂದುಬಿಟ್ಟ ಮಂಗಗಳಿರುವ ಮಾರಿಷಸ್‌ಗೆ, ಮತ್ತು ಕಾಂಬೋಡಿಯಾಕ್ಕೆ ಖರೀದಿದಾರರು ಓಡಿದರು.

ಕಾಂಬೋಡಿಯಾದಿಂದ ಬರುವ ಪೆಟ್ಟಿಗೆಗಳ ಮೇಲೆ ‘ಫಾರ್ಮಿನಲ್ಲಿ ಹುಟ್ಟಿದ್ದು’ ಎಂದು ಬರೆದಿರುತ್ತಿತ್ತು. ಮರಿ ಹಾಕಲು ನಾಲ್ಕು ವರ್ಷ ಕಾಯಬೇಕಾದ ಪ್ರಾಣಿ, ಬೇಡಿಕೆ ಏರಿದ ಎರಡನೇ ವರ್ಷಕ್ಕೇ ಅಷ್ಟೊಂದು ಸಂಖ್ಯೆಯಲ್ಲಿ ಎಲ್ಲಿಂದ ಬಂತು? 2022ರ ನವೆಂಬರಿನಲ್ಲಿ ಅಮೆರಿಕ ಸರ್ಕಾರ ಕಾಂಬೋಡಿಯಾದ ಅರಣ್ಯ ಅಧಿಕಾರಿಗಳೂ ಸೇರಿ ಎಂಟು ಮಂದಿಯ ಮೇಲೆ ಮೊಕದ್ದಮೆ ಹೂಡಿತು: ಕಾಡಿನಲ್ಲಿ ಹಿಡಿದ ಮಂಗಗಳಿಗೆ ಫಾರ್ಮಿನ ಕಾಗದಪತ್ರ ಹೊಂದಿಸಿ ಕಳಿಸುತ್ತಿದ್ದರು ಎಂದು. ಒಬ್ಬ ಅಧಿಕಾರಿಯನ್ನು ನ್ಯೂಯಾರ್ಕ್ ವಿಮಾನ ನಿಲ್ದಾಣದಲ್ಲಿ ಬಂಧಿಸಿದಾಗ ಆತ ಹೊರಟಿದ್ದುದು ಪನಾಮಾದಲ್ಲಿ ನಡೆಯುತ್ತಿದ್ದ ವನ್ಯಜೀವಿ ವ್ಯಾಪಾರ ನಿಯಂತ್ರಣದ ಸಮ್ಮೇಳನಕ್ಕೆ. ಆತ ತಪ್ಪಿತಸ್ಥನಲ್ಲ ಎಂದು 2024ರ ಮಾರ್ಚ್‌ನಲ್ಲಿ ಮಯಾಮಿಯ ಜ್ಯೂರಿ ಹೇಳಿತು. ಈ ನಡುವೆ ಅದಾಗಲೇ ಅಮೆರಿಕ ತಲುಪಿದ್ದ ಸಾವಿರಕ್ಕೂ ಹೆಚ್ಚು ಮಂಗಗಳು ಪ್ರಯೋಗಕ್ಕೂ ಇಲ್ಲದೆ, ಹಿಂದಕ್ಕೂ ಹೋಗಲಾಗದೆ ಅತಂತ್ರವಾಗಿ ಉಳಿದವು. ಉದ್ದಬಾಲದ ಮಕಾಕ್ ಅದೇ 2022ರಲ್ಲಿ ಅಳಿವಿನಂಚಿನ ಪ್ರಾಣಿಗಳ ಪಟ್ಟಿ ಸೇರಿತು. ‘ಸಾಕಿದ್ದು’ ಎಂಬ ಮಾತಿನ ಬೆಲೆ ಇರುವುದು ಅದನ್ನು ಬರೆದ ಕೈಯ ಮೇಲೆ.

ಹಾಗಿದ್ದರೆ ಅಮೆರಿಕದಲ್ಲೇ ಇನ್ನಷ್ಟು ಬೆಳೆಸೋಣ ಎಂದು ಹೊರಟವರೂ ಇದ್ದಾರೆ. ಜಾರ್ಜಿಯಾದ ಬೇನ್‌ಬ್ರಿಜ್ ಎಂಬ ಊರಿನಲ್ಲಿ 30 ಸಾವಿರ ಮಂಗಗಳ ಕೇಂದ್ರ ಕಟ್ಟುವ ಯೋಜನೆ ಬಂತು. ಊರಿನ ಜನಸಂಖ್ಯೆ ಅದರ ಅರ್ಧ. ಊರವರು ಬೀದಿಗಿಳಿದರು.

ಇಷ್ಟೆಲ್ಲ ಪಾಡುಪಟ್ಟರೂ ಮಂಗ ಮನುಷ್ಯನಲ್ಲ. 2006ರ ಮಾರ್ಚ್‌ನಲ್ಲಿ ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ಟಿಜಿಎನ್1412 ಎಂಬ ಹೊಸ ಔಷಧಿಯನ್ನು ಆರು ಜನ ಸ್ವಯಂಸೇವಕರಿಗೆ ಕೊಟ್ಟರು. ಮಂಗಗಳು ಸಲೀಸಾಗಿ ತಡೆದುಕೊಂಡಿದ್ದರ ಐನೂರರಲ್ಲಿ ಒಂದು ಪಾಲು ಅಷ್ಟೆ. ಕೆಲವೇ ಗಂಟೆಗಳಲ್ಲಿ ಆರೂ ಮಂದಿ ತೀವ್ರ ನಿಗಾ ಘಟಕದಲ್ಲಿದ್ದರು. ಜೀವ ಉಳಿಯಿತು. ಆ ಔಷಧಿ ಹಿಡಿಯುವ ಕೊಕ್ಕೆ ನಮ್ಮ ಕೆಲವು ಬಿಳಿ ರಕ್ತಕಣಗಳ ಮೇಲಿದೆ, ಮಕಾಕ್‌ಗಳ ಅಂಥದೇ ಕಣಗಳ ಮೇಲಿಲ್ಲ ಎಂಬುದು ಆಮೇಲೆ ತಿಳಿಯಿತು. ಇದನ್ನಿಟ್ಟುಕೊಂಡು ಮಂಗದ ಪ್ರಯೋಗವೆಲ್ಲ ದಂಡ ಎನ್ನುವವರಿದ್ದಾರೆ. ನಾನು ಅವರ ಜೊತೆಗಿಲ್ಲ. ಪೋಲಿಯೊ ಲಸಿಕೆಗೆ ಮುಂಚೆ ಊರಿಗೊಬ್ಬರಾದರೂ ಕಾಲು ಎಳೆದುಕೊಂಡು ನಡೆಯುವವರಿದ್ದರು ಎಂಬುದನ್ನು ನನ್ನ ವಯಸ್ಸಿನವರು ಮರೆಯಲಾಗದು. ಆದರೆ ಮಂಗಗಳ ಕೊಲೆಯನ್ನು ಕಡಿಮೆ ಮಾಡಿದ್ದು ನಿಷೇಧಗಳಿಗಿಂತ ಹೆಚ್ಚಾಗಿ ಒಳ್ಳೆಯ ವಿಜ್ಞಾನ ಎಂಬುದನ್ನೂ ಹೇಳಬೇಕು. 1962ರಲ್ಲಿ ಜಪಾನಿನ ಚಿಬಾದಲ್ಲಿ ಯಾಸುಮುರಾ ಎಂಬ ವಿಜ್ಞಾನಿ ಆಫ್ರಿಕಾದ ಹಸಿರು ಮಂಗವೊಂದರ ಮೂತ್ರಪಿಂಡದಿಂದ ತೆಗೆದ ಜೀವಕೋಶಗಳು ಸಾಯದೆ ಬೆಳೆಯುತ್ತಲೇ ಹೋದವು. ವೆರೊ ಎಂದು ಅವುಗಳ ಹೆಸರು. ಹಿಂದೆ ಸಾವಿರಾರು ಮಂಗಗಳು ಬೇಕಾಗುತ್ತಿದ್ದ ಕೆಲಸ ಆ ಒಂದು ಮಂಗದಿಂದ ಇಂದಿಗೂ ನಡೆದಿದೆ. 2025ರ ಏಪ್ರಿಲ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಕರು ಪ್ರತಿಕಾಯ ಔಷಧಿಗಳಿಗೆ ಪ್ರಾಣಿ ಪರೀಕ್ಷೆಯನ್ನು ಹಂತಹಂತವಾಗಿ ಕೈಬಿಡುವ ಯೋಜನೆ ಪ್ರಕಟಿಸಿದರು.

ನಮ್ಮ ದೇಶಕ್ಕೆ ಬರೋಣ. ಮಂಗ ಮತ್ತು ವೈದ್ಯಕೀಯದ ನಂಟು ಕನ್ನಡಿಗರಿಗೆ ಹೊಸದಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳುತ್ತಿದ್ದುದೇ ಮಂಗನ ಕಾಯಿಲೆಯ ಮೊದಲ ಸುಳಿವಾಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎನ್. ಆರ್. ಮೌದ್ಗಲ್ ಮತ್ತು ಸಂಗಡಿಗರು ಗಂಡಸರಿಗೆ ಗರ್ಭನಿರೋಧಕ ಲಸಿಕೆ ಸಾಧ್ಯವೇ ಎಂದು ಪರೀಕ್ಷಿಸಿದ್ದು ಇದೇ ಬಾನೆಟ್ ಮಂಗಗಳ ಮೇಲೆ. ಆದರೆ ಲಕ್ಷಗಟ್ಟಲೆ ರೀಸಸ್‌ಗಳನ್ನು ಕಳಿಸಿಕೊಟ್ಟ ಈ ದೇಶದಲ್ಲಿ, 2020ರಲ್ಲಿ ಕೋವಿಡ್ ಲಸಿಕೆ ಕೋವ್ಯಾಕ್ಸಿನ್‌ನ ಪರೀಕ್ಷೆಗೆ ತಕ್ಕ ಪ್ರಾಯದ, ಪ್ರಯೋಗಾಲಯದಲ್ಲಿ ಹುಟ್ಟಿದ ರೀಸಸ್ ಸಿಗಲಿಲ್ಲ. ಆಗ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಮುಖ್ಯಸ್ಥರಾಗಿದ್ದ ಬಲರಾಮ್ ಭಾರ್ಗವ ತಮ್ಮ ಪುಸ್ತಕದಲ್ಲಿ ಆ ಹುಡುಕಾಟವನ್ನು ಬರೆದಿದ್ದಾರೆ. ಲಾಕ್‌ಡೌನಿನಿಂದ ಊರುಗಳಲ್ಲಿ ತಿನ್ನಲು ಹಾಕುವವರಿಲ್ಲದೆ ಮಂಗಗಳೂ ಕಾಡು ಸೇರಿಬಿಟ್ಟಿದ್ದವಂತೆ. ಮಹಾರಾಷ್ಟ್ರದ ಅರಣ್ಯ ಇಲಾಖೆಯ ನೆರವಿನಿಂದ ಅಲೆದಲೆದು ನಾಗಪುರದ ಕಡೆ ಹಿಡಿದರು. 20 ಮಂಗಗಳು, ಐದೈದರ ನಾಲ್ಕು ಗುಂಪು. ಮನುಷ್ಯರಿಂದ ಅವುಗಳಿಗೆ ಕೋವಿಡ್ ಬರಬಾರದೆಂದು ನೋಡಿಕೊಳ್ಳುವವರನ್ನೂ ಪರೀಕ್ಷೆಗೆ ಒಳಪಡಿಸುತ್ತಿದ್ದರು. ಲಸಿಕೆ ಪಡೆದವುಗಳ ಶ್ವಾಸಕೋಶಗಳು ವೈರಸ್ಸನ್ನು ತಡೆದವು.

1978ರ ನಿಷೇಧ ಸರಿಯಾಗಿತ್ತು ಎಂದೇ ನಾನು ಈಗಲೂ ನಂಬಿದ್ದೇನೆ. ಆದರೆ ಬೇರೆಯವರಿಗೆ ಕೊಡುವುದಿಲ್ಲ ಎಂದವರು, ನಮಗೆ ಬೇಕಾದಾಗ ಏನು ಮಾಡುತ್ತೇವೆ ಎಂಬುದನ್ನು ನಲವತ್ತು ವರ್ಷ ಯೋಚಿಸಲೇ ಇಲ್ಲ. ತುರ್ತು ಬಂದಾಗ ಮತ್ತೆ ಬಲೆ ಹಿಡಿದು ಕಾಡಿಗೇ ಹೋದೆವು. ಮುಂದಿನ ಸಾಂಕ್ರಾಮಿಕ ಬರುವ ಮೊದಲು ಸರ್ಕಾರ ಇದನ್ನು ಬಾಯಿಬಿಟ್ಟು ಚರ್ಚಿಸಬೇಕು: ಮಂಗಗಳು ಬೇಕೇ, ಬೇಕಾದರೆ ಎಷ್ಟು, ಎಲ್ಲಿ ಹುಟ್ಟಿದವು, ಯಾರ ಲೆಕ್ಕದಲ್ಲಿ.

ಅಂದ ಹಾಗೆ, ಕೋವ್ಯಾಕ್ಸಿನ್‌ನ ವೈರಸ್ಸನ್ನು ಬೆಳೆಸಿದ್ದೂ ಆ ಜಪಾನಿನ ವೆರೊ ಜೀವಕೋಶಗಳಲ್ಲೇ. ನಾನು ಹಾಕಿಸಿಕೊಂಡದ್ದು ಅದನ್ನೇ, ಎರಡೂ ಡೋಸ್. ಹಾಗಾಗಿ ಇದನ್ನು ದೂರ ನಿಂತು ನೋಡಿದವನ ಬರಹ ಎಂದು ಓದಬೇಡಿ.